ತೋಳು ಮಾತ್ರ ಉದ್ದವಾದ ವರ್ಷ

ಜೂನ್ 8

ಕಡ್ಡೀ,

ಪಾರ್ಸಲ್ ಬಿಚ್ಚುವುದಕ್ಕೆ ಮೊದಲು ಈ ಕಾಗದ ಓದು. ನೀನು ಓದಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಒಳಗಿರುವುದು ನಿನ್ನ ಬ್ಯಾಲೆಗೆ ಹಾಕುವ ಈ ವರ್ಷದ ಬಾಡಿಸ್. ತಿಳಿನೀಲಿ ಸ್ಯಾಟಿನ್, ಒಳಗೆ ಹತ್ತಿಯ ಲೈನಿಂಗ್, ಬೆನ್ನಿಗೆ ಎರಡು ಸಾಲು ಹುಕ್ಕು. ನಿನ್ನ ಹಾಸ್ಟೆಲಿನವರು ಕಳಿಸಿದ ಅಳತೆ ನೋಡಿ ನಗು ಬಂತು. ಎದೆ ಹೋದ ವರ್ಷದ್ದೇ, ಸೊಂಟ ಹೋದ ವರ್ಷದ್ದೇ. ಅದರ ಹಿಂದಿನ ವರ್ಷವೂ ಅದೇ. ತೋಳು ಮಾತ್ರ ಎರಡು ಬೆರಳು ಉದ್ದ. ಹಳೆಯ ಪ್ಯಾಟರ್ನ್ ತೆಗೆದು ತೋಳಿಗೊಂದು ಪಟ್ಟಿ ಅಂಟಿಸಿದೆ, ಕತ್ತರಿ ಹಾಕಿದೆ, ಮುಗೀತು. ನನ್ನ ಅಂಗಡಿಗೆ ಬರುವ ನಿನ್ನ ವಯಸ್ಸಿನ ಹುಡುಗಿಯರಿಗೆ ಟ್ರಯಲ್ಲಿಗೆ ಬಂದಾಗ ಒಂದು ಅಳತೆ, ಬಟ್ಟೆ ಒಯ್ಯಲು ಬಂದಾಗ ಇನ್ನೊಂದು. ಅವರ ಯೂನಿಫಾರಂ ಹೊಲಿಗೆ ಬಿಚ್ಚಿ ಬಿಚ್ಚಿ ನನ್ನ ಕಣ್ಣು ಸೋತುಹೋಗಿದೆ. ಎಲ್ಲರೂ ನಿನ್ನ ಹಾಗಿದ್ದರೆ ಟೈಲರುಗಳು ಮಧ್ಯಾಹ್ನ ನಿದ್ದೆ ಮಾಡಬಹುದಿತ್ತು.

ಆದರೂ ಕೈಗೆ ಅಭ್ಯಾಸ ಬಿಡಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ಮುಂದೆ ಬಿಚ್ಚಿ ಅಗಲ ಮಾಡಲು ಬದಿಯ ಹೊಲಿಗೆಯೊಳಗೆ ಮಾರ್ಜಿನ್ ಬಿಡುತ್ತೇನೆ, ನಿನ್ನದಕ್ಕೂ ಬಿಟ್ಟಿದ್ದೇನೆ. ದಪ್ಪ ಕಾಣುತ್ತೆ ಅಂತ ಅದನ್ನು ಕತ್ತರಿಸಿ ಬಿಸಾಕಬೇಡ.

ನಿನ್ನಮ್ಮ ಒಂದು ವಿಷಯ ಕೇಳಲು ಹೇಳಿದ್ದಾಳೆ. ಹೆತ್ತವಳು, ಅವಳೇ ಕೇಳಬಹುದಿತ್ತು. ನಿಮ್ಮ ಹಾಸ್ಟೆಲಿನ ಕಾರಿಡಾರ್ ಫೋನಿನಲ್ಲಿ ಕೇಳುವ ಮಾತಲ್ಲ ಅಂತಾಳೆ. ಹಾಗಾದರೆ ಬರಿ ಅಂದರೆ, ಬರೆಯೋಕೆ ಕೂತರೆ ಅಳು ಬರುತ್ತೆ ಅಂತಾಳೆ. ನನಗೆ ತಂಗಿಯಾಗಿ ಹುಟ್ಟಿದ್ದೇ ತನ್ನ ಕಷ್ಟದ ಕೆಲಸವೆಲ್ಲ ನನ್ನ ತಲೆಗೆ ಕಟ್ಟೋಕೆ. ವಿಷಯ ಇಷ್ಟೇ: ಹದಿನಾರು ತುಂಬಿತಲ್ಲ, ತಿಂಗಳದ್ದು ಶುರುವಾಯಿತಾ?

ನಾಚಿಕೊಳ್ಳದೆ ಬರಿ.

ದೊಡ್ಡಮ್ಮ


ಜೂನ್ 21

ದೊಡ್ಡಮ್ಮಾ,

ಪಾರ್ಸಲ್ಲೇ ಮೊದಲು ಬಿಚ್ಚಿದೆ. ನಿನಗೆ ಗೊತ್ತಿತ್ತಲ್ಲ, ಹಾಗಾಗಿ ನನ್ನ ತಪ್ಪಿಲ್ಲ.

ಬಾಡಿಸ್ ಮೈಮೇಲೇ ಹೊಲಿದ ಹಾಗಿದೆ. ಮೇಡಂ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ತೋಳು ಚಾಚು ಅಂದರು. ಉಳಿದವರಿಗೆ, ನೋಡಿಕೊಳ್ಳಿ, ಗೆರೆ ಅಂದ್ರೆ ಇದು ಅಂದರು. ಚಾಚಿದ ಕೈಕಾಲಿನ ಉದ್ದದ ಅಂದಕ್ಕೆ ನಮ್ಮಲ್ಲಿ ಗೆರೆ ಅನ್ನುತ್ತಾರೆ. ನಾನು ಇಲ್ಲಿಗೆ ಬಂದ ಮೇಲೆ ಅವರು ಹೊಗಳಿದ್ದು ಇದು ಎರಡನೇ ಸಲ. ಮೊದಲ ಸಲ ಹೊಗಳಿದ್ದು ಜ್ವರ ಇಟ್ಟುಕೊಂಡೇ ಕ್ಲಾಸಿಗೆ ಬಂದಿದ್ದಕ್ಕೆ.

ಈಗ ದೊಡ್ಡ ಸುದ್ದಿ. ಡಿಸೆಂಬರಿನ ಪ್ರದರ್ಶನದಲ್ಲಿ ಗಾಳಿಪಟ ನಾನು. ಇಡೀ ಬ್ಯಾಲೆಯೇ ಒಂದು ಗಾಳಿಪಟದ ಕಥೆ. ಉಳಿದವರೆಲ್ಲ ಗಾಳಿ, ದಾರ, ಮೋಡ. ಅವತ್ತು ದೊಡ್ಡ ನೃತ್ಯ ಕಂಪನಿಯವರು ನೋಡಲು ಬರುತ್ತಾರೆ. ಇಬ್ಬರನ್ನೋ ಮೂವರನ್ನೋ ಆರಿಸಿಕೊಂಡು ಹೋಗುತ್ತಾರೆ. ಮಿಕ್ಕವರು ವರ್ಷ ಮುಗಿದ ಮೇಲೆ ಮನೆಗೆ.

ಬೆಳಗ್ಗೆ ನಾವು ಗೋಡೆಯ ಕಂಬಿ ಹಿಡಿದು ಸಾಲಾಗಿ ನಿಂತಿರುತ್ತೇವೆ. ಪಿಯಾನೋ ನುಡಿಸುವ ತಾತ ಒಂದು ಸ್ವರ ಒತ್ತುತ್ತಾರೆ, ಎಲ್ಲರೂ ಒಟ್ಟಿಗೆ ಬೆರಳ ತುದಿಗೆ ಏರುತ್ತೇವೆ. ಶೂವಿನ ತುದಿ ಅಂದರೆ ಒಂದು ನಾಣ್ಯದಷ್ಟು ಜಾಗ. ಅಷ್ಟರ ಮೇಲೆ ನಾನು ಪೂರ್ತಿ ಇರುತ್ತೇನೆ. ನೆಲ ನನ್ನನ್ನು ಹೊತ್ತಿಲ್ಲ, ಸುಮ್ಮನೆ ಮುಟ್ಟಿಕೊಂಡಿದೆ ಅನ್ನಿಸುತ್ತೆ. ದಿನಾ ಮಾಡಿದರೂ ದಿನಾ ಮೈ ಜುಮ್ಮೆನ್ನುತ್ತೆ.

ಅಮ್ಮನಿಗೆ ಹೇಳು, ಅದಿನ್ನೂ ಇಲ್ಲ, ಗಾಬರಿ ಬೇಡ. ಇಲ್ಲಿ ಸುಮಾರು ಜನಕ್ಕೆ ಇಲ್ಲ. ನಮ್ಮ ಕೋಣೆಯಲ್ಲಿ ಎರಡು ಸಾಲು ಮಂಚ. ಬಾತ್‌ರೂಮ್ ಬಾಗಿಲ ಕಡೆ ಇರೋದರಿಂದ ಶುರುವಾದವರು ಬಾಗಿಲ ಸಾಲಿಗೆ ಹೋಗೋದು ಮೊದಲಿಂದ ರೂಢಿ. ಆಗದವರು ಕಿಟಕಿ ಸಾಲು. ಒಬ್ಬಳು ಹಾಸಿಗೆ ಸುತ್ತಿಕೊಂಡು ಆ ಕಡೆ ಹೋದಳು ಅಂದರೆ ಎಲ್ಲರೂ 'ನೆಲಕ್ಕಿಳಿದಳು' ಅಂತ ಚಪ್ಪಾಳೆ ತಟ್ಟುತ್ತಾರೆ. ನನ್ನದು ಕಿಟಕಿಯ ಪಕ್ಕದ್ದೇ ಮಂಚ. ಗಾಳಿಪಟ ಇರಬೇಕಾದ ಜಾಗ.

ನಿನ್ನ ಕಡ್ಡಿ


ಜುಲೈ 2

ಕಡ್ಡೀ,

ಗಾಳಿಪಟದ ಸುದ್ದಿ ಓದಿದ ಮೇಲೆ ಅಂಗಡಿಗೆ ಬಂದ ಯಾರನ್ನೂ ಸುಮ್ಮನೆ ಕಳಿಸಿಲ್ಲ. ಪ್ಯಾಂಟಿಗೆ ಜಿಪ್ ಹಾಕಿಸಲು ಬಂದ ಮನುಷ್ಯನಿಗೂ ಹೇಳಿದೆ. ಅವನು ಪಾಪ, ಒಳ್ಳೇದಾಯ್ತು ಅಂತ ಜಿಪ್ಪಿಲ್ಲದ ಪ್ಯಾಂಟು ತಗೊಂಡು ಹೋದ.

ನಾನೂ ಪ್ರಯತ್ನಪಟ್ಟೆ. ಇಸ್ತ್ರಿ ಮೇಜು ಹಿಡಿದುಕೊಂಡು ಬೆರಳ ತುದಿಗೆ ಏರಿದೆ. ಮೇಜು ಕೆಳಗೆ ಬಂತು, ನಾನು ಬಂದೆ, ಇಸ್ತ್ರಿ ಪೆಟ್ಟಿಗೆ ಬಂತು. ಕೂತಲ್ಲೇ ಯೋಚಿಸಿದೆ. ಗುಂಡಿ ಹೊಲಿಯುವ ಕೂಲಿಯಿಂದ ಶುರು ಮಾಡಿ ನಾಲ್ಕು ಮಿಷನ್ನಿನ ಅಂಗಡಿ ಇಟ್ಟವಳು ನಾನು, ಯಾವ ಬಟ್ಟೆ ಎಷ್ಟು ಎಳೆತ ತಡೆಯುತ್ತೆ ಅಂತ ಮುಟ್ಟಿ ಹೇಳಬಲ್ಲೆ. ಆದರೆ ಒಂದು ನಾಣ್ಯದಗಲ ಜಾಗದ ಮೇಲೆ ಒಂದು ಇಡೀ ಹುಡುಗಿ ನಿಲ್ಲುತ್ತಾಳೆ ಅಂದರೆ, ಆ ಕಾಲು ಯಾವುದರಿಂದ ಮಾಡಿದ್ದು? ಅದನ್ನು ನೇಯ್ದವರು ಯಾರು?

ನಿನ್ನಮ್ಮನಿಗೆ ಸಮಾಧಾನ ಹೇಳಿದ್ದೇನೆ. ಕುಣಿಯೋ ಮಕ್ಕಳಿಗೆ ತಡವಾಗಿ ಆಗುತ್ತಂತೆ, ಒಳ್ಳೇದೇ ಬಿಡು, ತಿಂಗಳಿಗೊಂದು ರಗಳೆ ಕಮ್ಮಿ ಅಂದೆ. ಅವಳು ತಲೆಯಾಡಿಸಿದಳು. ನಾನು ಹೇಳಿದ್ದನ್ನು ನಂಬೋದು ಅವಳಿಗೆ ಚಿಕ್ಕಂದಿನಿಂದ ಇರೋ ಕೆಟ್ಟ ಚಾಳಿ.

ದೊಡ್ಡಮ್ಮ


ಆಗಸ್ಟ್ 11

ಕಡ್ಡೀ,

ನಿನ್ನ ಕಾಗದವೇ ಇಲ್ಲ. ನನ್ನನ್ನು ದೂರದಿಂದ ನೋಡಿಯೇ ಪೋಸ್ಟ್‌ಮ್ಯಾನ್ ಇಲ್ಲ ಅಂತ ಕೈಯಾಡಿಸುತ್ತಾನೆ. ಫೋನ್ ಮಾಡಿದರೆ ರಿಹರ್ಸಲ್ಲು ಅಂತಾರೆ. ಗಾಳಿಪಟಕ್ಕೆ ಬಾಲ ಇರುತ್ತಲ್ಲ, ಅದರ ತುದಿಯನ್ನಾದರೂ ಸ್ವಲ್ಪ ಅಲ್ಲಾಡಿಸು.

ದೊಡ್ಡಮ್ಮ


ಆಗಸ್ಟ್ 30

ದೊಡ್ಡಮ್ಮಾ,

ಬಾಡಿಸ್ ಕಳಿಸಿದ್ದೇನೆ. ಸೊಂಟದ ಹತ್ತಿರ ಸ್ವಲ್ಪ ಒಳಗೆ ತೆಗೆದು ಬೇಗ ಕಳಿಸು. ತಿರುಗುವಾಗ ಬಟ್ಟೆ ಹಿಂದೆ ಉಳಿಯುತ್ತಿದೆ. ಎಲ್ಲ ಚೆನ್ನಾಗಿದೆ. ಟೈಮ್ ಇಲ್ಲ.

ಕಡ್ಡಿ


ಸೆಪ್ಟೆಂಬರ್ 9

ಕಡ್ಡೀ,

ಈ ಸಲ ನಿಜವಾಗಿಯೂ ಪಾರ್ಸಲ್ಲಿಗೆ ಮೊದಲು ಇದನ್ನು ಓದು.

ಬಾಡಿಸ್ ಬಂತು. ಒಳಮಗ್ಗುಲು ತಿರುಗಿಸಿ ಮೇಜಿನ ಮೇಲೆ ಹಾಸಿದೆ. ಸೊಂಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಲು ಹೋದೆ, ಕೈ ಓಡಲಿಲ್ಲ. ಈ ಕಸುಬಿನಲ್ಲಿ ಎಷ್ಟೋ ಹುಡುಗಿಯರ ಬಟ್ಟೆ ಹೊಲಿದಿದ್ದೇನೆ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಒಬ್ಬಳ ಬಟ್ಟೆಯನ್ನೂ ಒಳಗೆ ತೆಗೆದಿಲ್ಲ. ಎಲ್ಲರದ್ದೂ ಹೊರಗೇ ಬಿಟ್ಟಿದ್ದು. ಆಗ ಜೂನಿನಲ್ಲಿ ನಾನು ಕುಣಿದಾಡಿದ್ದು ನೆನಪಾಯಿತು: ತೋಳು ಮಾತ್ರ ಉದ್ದ, ಮಿಕ್ಕಿದ್ದೆಲ್ಲ ಹಾಗೇ ಅಂತ. ಅಳತೆ ನೋಡಿದವಳು ನಾನು, ಖುಷಿಪಟ್ಟವಳೂ ನಾನು.

ನನ್ನ ಹತ್ತಿರ ಕೋಟು ಹೊಲಿಸುವ ಒಬ್ಬರು ಡಾಕ್ಟರಮ್ಮ ಇದ್ದಾರೆ. ಎಡಭುಜ ಸ್ವಲ್ಪ ತಗ್ಗು, ಅದಕ್ಕೆ ನಾನಿಲ್ಲದೆ ಅವರಿಗಾಗಲ್ಲ. ಹಾರ್ಮೋನ್ ನೋಡುವ ಡಾಕ್ಟರು. ಟ್ರಯಲ್ಲಿಗೆ ಬಂದಾಗ ನಿನ್ನ ಬಾಡಿಸ್ ತೋರಿಸಿ ಸುಮ್ಮನೆ ಕೇಳಿದೆ, ಹೀಗೆ ತೋಳು ಬೆಳೆದು ಎದೆ ಬೆಳೆಯದೆ ಇರೋದುಂಟಾ ಅಂತ. ಅವರು ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡಿದ್ದರು. ಇನ್ನೊಂದು ತೋಳು ಹಾಕೋದು ಮರೆತೇಬಿಟ್ಟರು. ಹಾಗೇ ಸ್ಟೂಲಿನ ಮೇಲೆ ಕೂತು ಕೇಳತೊಡಗಿದರು. ಎಷ್ಟು ಹೊತ್ತು ಕುಣೀತಾಳೆ, ಏನು ತಿಂತಾಳೆ, ಮುಟ್ಟಾಗಿದ್ದಾಳಾ. ಆಮೇಲೆ ಅವರು ಹೇಳಿದ್ದನ್ನು ನಾನು ಮಿಷನ್ ನಿಲ್ಲಿಸಿ ಕೇಳಿದೆ. ಈಗಲೂ ಅದೇ ಗುಂಗಿನಲ್ಲಿದ್ದೇನೆ.

ಮೂಳೆ ಕಲ್ಲಲ್ಲವಂತೆ ಕಣೆ. ಜೀವ ಇರೋ ಮನೆಯಂತೆ. ಒಳಗೆ ಒಂದು ಗುಂಪು ಸದಾ ಕೆಡವುತ್ತಾ ಇರುತ್ತೆ, ಇನ್ನೊಂದು ಗುಂಪು ಹಿಂದೆಯೇ ಕಟ್ಟುತ್ತಾ ಬರುತ್ತೆ. ನಾವು ಉಣ್ಣುವಾಗ, ಜಗಳವಾಡುವಾಗ, ಲೆಕ್ಕ ಬರೆಯುವಾಗ, ಕೆಲಸ ನಡೆದೇ ಇರುತ್ತೆ. ಇವತ್ತು ನಾನು ಕೂತಿರುವ ಮೂಳೆ ಹತ್ತು ವರ್ಷದ ಹಿಂದಿನ ಮೂಳೆ ಅಲ್ಲವಂತೆ! ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತಿಗೆ ಈಸ್ಟ್ರೋಜನ್ ಅಂತ ಒಂದು ಹಾರ್ಮೋನ್ ಬರುತ್ತೆ. ಬಂದು ಕೆಡವುವವರಿಗೆ ನಿಧಾನ ಅನ್ನುತ್ತೆ, ಕಟ್ಟುವವರಿಗೆ ನಡೀಲಿ ಅನ್ನುತ್ತೆ. ಆ ಕೆಲವೇ ವರ್ಷದಲ್ಲಿ ತುಂಬಿಟ್ಟದ್ದು ಮುದುಕಿಯಾಗುವ ತನಕ ಬರಬೇಕು. ಜೊತೆಗೆ ಅದಕ್ಕೆ ಇನ್ನೊಂದು ಕೆಲಸ. ಕೈಕಾಲಿನ ಮೂಳೆಯ ತುದಿಯಲ್ಲಿ ಬೆಳೆಯುವ ಒಂದು ಪದರ ಇರುತ್ತೆ, ಬಾಗಿಲಿನ ಹಾಗೆ. ಬೆಳೆದದ್ದು ಸಾಕು ಅಂತ ಆ ಬಾಗಿಲು ಮುಚ್ಚಿಸುವುದೂ ಅದೇ. ಅದು ಬರದಿದ್ದರೆ ಬಾಗಿಲು ತೆರೆದೇ ಇರುತ್ತೆ. ಕೈಕಾಲು ಉದ್ದ ಬೆಳೆಯುತ್ತಲೇ ಹೋಗುತ್ತೆ.

ನಿನ್ನ ಮೇಡಂ ಎಲ್ಲರಿಗೂ ತೋರಿಸಿ ಹೊಗಳಿದರಲ್ಲ ಆ ಗೆರೆ, ಅದು ಮುಚ್ಚಬೇಕಾದ ಹೊತ್ತಿಗೆ ಮುಚ್ಚದ ಬಾಗಿಲು ಇರಬಹುದು.

ನಾನು ಕೇಳಿದೆ, ಆ ಹಾರ್ಮೋನ್ ಯಾಕೆ ಬಂದಿಲ್ಲ? ಡಾಕ್ಟರಮ್ಮ ಹೇಳಿದ್ದು ಹಾಗೇ ಬರೆಯುತ್ತೇನೆ. "ಮೈಗೆ ಬರೋದು ಕಮ್ಮಿ, ಖರ್ಚು ಜಾಸ್ತಿ. ಆಗ ಮೆದುಳು ಯಾವ ಕೆಲಸ ಕಾಯಬಹುದೋ ಅದನ್ನ ನಿಲ್ಲಿಸುತ್ತೆ. ಉಸಿರಾಟ ಕಾಯಲ್ಲ. ದೊಡ್ಡವಳಾಗೋದು ಕಾಯುತ್ತೆ. ನಿಮ್ಮ ಮಾತಲ್ಲಿ ಹೇಳೋದಾದ್ರೆ ಬಟ್ಟೆ ಉದ್ದ ಇದೆ, ಒಳಗೆ ಲೈನಿಂಗೇ ಇಲ್ಲ."

ನೋಡದೆ ಯಾವುದನ್ನೂ ಖಚಿತವಾಗಿ ಹೇಳಲ್ಲ ಅಂದರು. ನೀನಿರುವ ಊರಲ್ಲೇ ಒಳ್ಳೆಯ ಡಾಕ್ಟರ ಹತ್ತಿರ ತೋರಿಸಬೇಕು ಅಂದರು. ತೋರಿಸು.

ಸೊಂಟ ಒಳಗೆ ತೆಗಿ ಅಂದಿದ್ದೆ. ನಾನು ಹೊರಗೆ ಬಿಟ್ಟಿದ್ದೇನೆ, ಎರಡೂ ಬದಿಯ ಮಾರ್ಜಿನ್ ಪೂರ್ತಿ. ದೊಗಳೆ ಆಗುತ್ತೆ. ಆಗಲಿ. ನಿನ್ನ ವಯಸ್ಸಿಗೆ ಇರಬೇಕಾದ ಅಳತೆ ಅದು.

ದೊಡ್ಡಮ್ಮ


ಸೆಪ್ಟೆಂಬರ್ 17

ದೊಡ್ಡಮ್ಮನವರಿಗೆ,

ಬಾಡಿಸ್ ತಲುಪಿತು. ಬೇರೆ ಇಲ್ಲದ್ದರಿಂದ ಅದನ್ನೇ ಹಾಕಿಕೊಂಡು ರಿಹರ್ಸಲ್ಲಿಗೆ ಹೋದೆ. ನಾನು ಒಂದು ಕಡೆ ತಿರುಗಿದರೆ ಅದು ಇನ್ನೊಂದು ಕಡೆ ತಿರುಗಿತು. ಎಲ್ಲರೂ ನಕ್ಕರು. ಕೊನೆಗೆ ಡ್ರೆಸ್ ನೋಡಿಕೊಳ್ಳುವ ಆಂಟಿ ಬೆನ್ನಿಗೆ ಪಿನ್ ಚುಚ್ಚಿಕೊಟ್ಟರು.

ಅಂಗಡಿಯಲ್ಲಿ ನನ್ನ ಬಟ್ಟೆ ಹಾಸಿಕೊಂಡು ಯಾರ ಹತ್ತಿರ ಏನೇನು ಮಾತಾಡಿದಿರಿ? ಅಮ್ಮನಿಗೂ ಹೇಳಿದಿರಾ? ಈಗ ಡಾಕ್ಟರ ಹತ್ತಿರ ಹೋದರೆ ಏನಾಗುತ್ತೆ ಅಂತ ನಿಮಗೆ ಗೊತ್ತಾ? ಗಾಳಿಪಟ ಬುಗುರಿಯ ಪಾಲಾಗುತ್ತೆ. ಬುಗುರಿ ಅಂತ ನಾವು ಕರೆಯೋದು ನನ್ನ ಪಾತ್ರಕ್ಕೆ ಬದಲಿಯಾಗಿ ಇರುವ ಹುಡುಗಿಯನ್ನು, ನಾನು ಬಿದ್ದರೆ ಅವಳು. ಅವಳು ಆಗಲೇ ನನ್ನ ಹೆಜ್ಜೆಗಳನ್ನು ಹಿಂದೆ ನಿಂತು ಹಾಕುತ್ತಿರುತ್ತಾಳೆ. ಕಾಲು ಎಲ್ಲರಿಗೂ ನೋಯುತ್ತೆ. ಒಂದೇ ಜಾಗದಲ್ಲಿ ಬೆರಳಿಟ್ಟರೆ ಜೀವ ಹೋಗೋ ಹಾಗೆ ನೋಯೋದೂ ಎಲ್ಲರಿಗೂ ಇರುತ್ತೆ. ಅದಕ್ಕೆಲ್ಲ ಯಾರೂ ಆಸ್ಪತ್ರೆಗೆ ಓಡಲ್ಲ.

ನೀವು ಬಟ್ಟೆ ಹೊಲಿಯುವವರು. ಬಟ್ಟೆ ಹೊಲಿಯಿರಿ, ಸಾಕು.


ಸೆಪ್ಟೆಂಬರ್ 25

ಕಡ್ಡೀ,

ಬಹುವಚನ ಬಂತು. ಅಂಗಡಿಗೆ ಬ್ಯಾಂಕಿನವರು ಬಂದಾಗಲೂ ನನಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಬೈದಿದ್ದೀಯ, ಸರಿ. ಬಟ್ಟೆ ಕೆಡಿಸಿ ನಾಲ್ಕು ಜನರ ಮುಂದೆ ನಿನ್ನನ್ನು ನಗೆಪಾಟಲು ಮಾಡಿದ್ದೇನೆ. ಅದಕ್ಕೆ ಇನ್ನೂ ಎರಡು ಸಾಲು ಬೈಯಬಹುದಿತ್ತು. ನಾನೇ ಆಗಿದ್ದರೆ ಪೂರ್ತಿ ಪುಟ ಬೈಯುತ್ತಿದ್ದೆ.

ಆದರೆ ಒಂದು ಮಾತು. ನಿನ್ನ ಕಾಲಿನ ಸುದ್ದಿ ನಾನು ಕೇಳೇ ಇರಲಿಲ್ಲ. ಜೂನಿನಿಂದ ನೀನು ಬರೆದ ಯಾವ ಕಾಗದದಲ್ಲೂ ಕಾಲು ನೋವಿನ ಮಾತಿಲ್ಲ. ಈಗ ಸಿಟ್ಟಿನಲ್ಲಿ ಬಂತು. ಒಂದೇ ಜಾಗ, ಬೆರಳಿಟ್ಟರೆ ಜೀವ ಹೋಗೋ ಹಾಗೆ. ಈ ಸಾಲನ್ನು ಡಾಕ್ಟರಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಅದನ್ನು ಇನ್ನೊಂದು ಸಲ ಓದಿಸಿದರು. ಆಮೇಲೆ, ಅವಳು ಇವತ್ತಿಂದ ಹಾರಬಾರದು ಅಂದರು. ಮೈಯೆಲ್ಲ ನೋವು ಅಂದರೆ ಸುಸ್ತಿರಬಹುದು, ಒಂದೇ ಕಡೆ ಬೆರಳಿಟ್ಟು ತೋರಿಸೋ ನೋವು ಬೇರೆಯಂತೆ.

ನಿನ್ನಮ್ಮನಿಗೆ ಇನ್ನೂ ಹೇಳಿಲ್ಲ. ನೀನು ಹೇಳು ಅಂತ ಬಿಟ್ಟಿದ್ದೇನೆ. ಆದರೆ ಈ ಕಾಗದ ಕೈಗೆ ಬಂದ ದಿನವೇ ಕಾರಿಡಾರಿನ ಫೋನಿನಿಂದ ನನಗೆ ಒಂದು ಕರೆ ಬರಬೇಕು. ಬರದಿದ್ದರೆ ನಾನೇ ಬರುತ್ತೇನೆ, ನಿಮ್ಮ ಡ್ಯಾನ್ಸ್ ಹಾಲ್ ಮಧ್ಯೆ ನಿಂತು ಮೇಡಂ ಹತ್ತಿರ ಮಾತಾಡುತ್ತೇನೆ. ನನ್ನ ಗಂಟಲು ಎಷ್ಟು ಅಂತ ನಿನಗೆ ಗೊತ್ತು. ಪಿಯಾನೋ ತಾತನಿಗೂ ಗೊತ್ತಾಗುತ್ತೆ.

ಗಾಳಿಪಟ ಹೋಗಬಹುದು. ಸುಳ್ಳು ಹೇಳಿ ಸಮಾಧಾನ ಮಾಡಲ್ಲ.

ದೊಡ್ಡಮ್ಮ


ಅಕ್ಟೋಬರ್ 19

ದೊಡ್ಡಮ್ಮಾ,

ನೀನು ಬಂದು ನನ್ನನ್ನು ಆಸ್ಪತ್ರೆಗೆ ತೋರಿಸಿ ಹೋದಮೇಲೆ ಇದು ಮೊದಲ ಕಾಗದ. ಆಸ್ಪತ್ರೆಯ ಬೆಂಚಿನಲ್ಲಿ ನೀನು ಪಕ್ಕದಲ್ಲಿ ಕೂತು ಯಾರದೋ ಶರ್ಟಿನ ಕಿತ್ತುಹೋದ ಗುಂಡಿ ಹೊಲಿದುಕೊಡುತ್ತಿದ್ದೆಯಲ್ಲ, ಆಗ ನಾನು ನಿನ್ನ ಹತ್ತಿರ ಸಾರಿ ಕೇಳಬೇಕು ಅಂತಿದ್ದೆ. ನೀನು ದಾರ ಕಚ್ಚಿಕೊಂಡಿದ್ದೆ, ಬಾಯಿ ಬಿಡುವ ಹಾಗಿರಲಿಲ್ಲ. ಹಾಗಾಗಿ ಈಗ.

ನೀನು ಬಸ್ಸು ಹತ್ತಿದ ಮೇಲೆ ಉಳಿದ ರಿಪೋರ್ಟುಗಳು ಬಂದವು. ಡಾಕ್ಟರು ಎಲ್ಲ ಎಕ್ಸ್-ರೇ ಚಿತ್ರಗಳನ್ನು ದೀಪದ ಹಲಗೆಗೆ ಸಿಕ್ಕಿಸಿ ತೋರಿಸಿದರು.

ಮೊದಲು ಕಾಲು. ಮೊಣಕಾಲಿನ ಕೆಳಗೆ ಮುಂದಿನ ಮೂಳೆಯಲ್ಲಿ ಕೂದಲೆಳೆಯಷ್ಟು ಸೀಳು. ನನಗೆ ಕಾಣಲೇ ಇಲ್ಲ, ಅವರು ಪೆನ್ನಿನ ತುದಿಯಲ್ಲಿ ತೋರಿಸಿದರು. ಆದರೆ ಅದರ ಸುತ್ತ ಒಂದು ಬೆಳ್ಳಗಿನ ಮಬ್ಬು ಇತ್ತು. ಇದೇನು ಅಂತ ಕೇಳಿದೆ. ರಿಪೇರಿ ಅಂದರು. ನೋವು ಮುಚ್ಚಿಟ್ಟುಕೊಂಡು ನಾನು ಹಾರುತ್ತಿದ್ದಾಗ ಒಳಗೆ ಅವರು ಕಟ್ಟುತ್ತಲೇ ಇದ್ದರಂತೆ, ನೀನು ಬರೆದಿದ್ದೆಯಲ್ಲ ಆ ಗುಂಪು. ನಾನು ಪ್ರತಿದಿನ ಕೆಡಿಸುತ್ತಿದ್ದೆ, ಅವರು ಪ್ರತಿದಿನ ಬಂದು ಕೆಲಸಕ್ಕೆ ಕೂರುತ್ತಿದ್ದರು. ಸಾಮಾನು ಇಲ್ಲದೆ, ಮೇಸ್ತ್ರಿ ಇಲ್ಲದೆ. ದೊಡ್ಡಮ್ಮಾ, ನನಗೆ ಅಲ್ಲೇ ಅಳು ಬಂತು. ಗಾಳಿಪಟ ಹೋಯಿತು ಅಂತ ಅಲ್ಲ. ನನ್ನ ಕಾಲಿನಲ್ಲಿ ನನಗೋಸ್ಕರ ಅಷ್ಟು ಕೆಲಸ ಮಾಡುತ್ತಿದ್ದವರು ಇದ್ದರು, ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಎಡಗೈ. ಕಾಲು ನೋವಿಗೆ ಕೈಯ ಚಿತ್ರ ಯಾಕೆ ಅಂತ ನೀನೂ ಕೇಳಿದ್ದೆ. ಕೈಯ ಮೂಳೆ ನೋಡಿ ಮೈಯ ವಯಸ್ಸು ಹೇಳುತ್ತಾರಂತೆ. ಅವರ ಹತ್ತಿರ ಬೇರೆ ಬೇರೆ ವಯಸ್ಸಿನ ಹುಡುಗಿಯರ ಕೈಗಳ ಚಿತ್ರ ಇರುವ ದಪ್ಪ ಪುಸ್ತಕ ಇದೆ. ನನ್ನ ಚಿತ್ರ ಪಕ್ಕಕ್ಕಿಟ್ಟುಕೊಂಡು ಹಾಳೆ ತಿರುಗಿಸಿದರು. ಹದಿನಾರರ ಹಾಳೆಯಿಂದ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಹದಿಮೂರರಲ್ಲಿ ನಿಂತರು. ಪ್ರತಿ ಬೆರಳಿನ ಗೆಣ್ಣಿನ ಹತ್ತಿರ ಒಂದೊಂದು ಕಪ್ಪು ಗೆರೆ. ಅವು ತೆರೆದ ಬಾಗಿಲುಗಳು. ನನ್ನ ಕೈ ನನಗೇ ಯಾರೋ ಪುಟ್ಟ ತಂಗಿಯ ಕೈ ಥರ ಕಂಡಿತು.

ಬೆನ್ನುಮೂಳೆಯಲ್ಲಿ ಇರಬೇಕಾದದ್ದಕ್ಕಿಂತ ಕಮ್ಮಿ ತುಂಬಿದೆ. ಸೊಂಟದ ಹತ್ತಿರ ಅಷ್ಟು ಕೆಟ್ಟಿಲ್ಲ. ಕುಣಿತದ ಹೊಡೆತ ಬೀಳುವ ಕಡೆ ಮೂಳೆ ಹೇಗೋ ಹಟ ಹಿಡಿದು ನಿಂತಿದೆಯಂತೆ. ಮೊದಲು ಊಟ, ಆಮೇಲೆ ಬಾಕಿ ಎಲ್ಲ ಅಂದರು. ಮೈಗೆ ನಂಬಿಕೆ ಬಂದರೆ ಹಾರ್ಮೋನ್ ತಾನಾಗೇ ಬರಬಹುದು, ಬರದಿದ್ದರೆ ಔಷಧಿಯ ದಾರಿ ಇದೆ. ನಾನು ಒಂದೇ ಕೇಳಿದೆ, ಮತ್ತೆ ಕುಣೀತೀನಾ ಅಂತ. ಅವರು, "ತಡ ಆಗಿದೆ, ಕಳೆದುಹೋಗಿಲ್ಲ. ಆದ್ರೆ ಮಾತು ಕೊಡಲ್ಲ," ಅಂದರು.

ಗಾಳಿಪಟ ಬುಗುರಿಗೆ ಹೋಯಿತು. ಊರುಗೋಲು ಇಟ್ಟುಕೊಂಡು ಕಿಟಕಿಯ ತನಕ ನಡೆಯೋಕೆ ಆಗಲ್ಲ ಅಂತ ನನ್ನ ಮಂಚವನ್ನು ಬಾಗಿಲ ಸಾಲಿಗೆ ಹಾಕಿದ್ದಾರೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿನ್ನೆ ಕಿಟಕಿ ಸಾಲಿನ ಇಬ್ಬರು ಬಂದು, ನೀನು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನಾವೂ ಬರಬಹುದಾ ಅಂತ ಕೇಳಿದರು.

ಅಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದೆ. ಸರಿ ಅಂತ ಫೋನ್ ಇಟ್ಟಳು. ಹೇಗಿದ್ದಾಳೆ?

ಕಡ್ಡಿ


ಅಕ್ಟೋಬರ್ 28

ಕಡ್ಡೀ,

ನಿನ್ನ ಕಾಗದವನ್ನು ಡಾಕ್ಟರಮ್ಮನಿಗೂ ಓದಿದೆ. ಬೆಳ್ಳಗಿನ ಮಬ್ಬಿನ ಜಾಗಕ್ಕೆ ಬಂದಾಗ ಓದುವುದು ನಿಲ್ಲಿಸಿ ಸೆರಗು ಹುಡುಕಿದೆ. ಅವರು ಕಾಗದ ಇಸಿದುಕೊಂಡು ಮಿಕ್ಕಿದ್ದನ್ನು ತಾವೇ ಓದಿಕೊಂಡರು. ಓದಿ, ನಾವು ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡ್ತೀವಿ, ಯಾರೂ ಅಳಲ್ಲ ಅಂದರು.

ನಾನು ಕೆಲಸದವರನ್ನು ಇಟ್ಟುಕೊಂಡವಳು. ಸಾಮಾನು ಇಲ್ಲ, ಹೇಳುವವರಿಲ್ಲ, ಮಾಡಿದ್ದು ಮರುದಿನ ಕಿತ್ತುಹೋಗುತ್ತೆ. ಆದರೂ ಬಂದು ಕೂರುವ ಜನ ಈ ಭೂಮಿ ಮೇಲೆ ಎಲ್ಲೂ ಸಿಗಲ್ಲ. ನಿನ್ನ ಕಾಲಿನೊಳಗೆ ಇದ್ದಾರಂತೆ, ನನ್ನ ಕಾಲಿನೊಳಗೂ. ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಈಗ ನಾನು ಸ್ವಲ್ಪ ಗೌರವದಿಂದ ಇಳಿಯುತ್ತೇನೆ.

ನಿನ್ನಮ್ಮನ ವಿಷಯ. ನಿನ್ನ ಫೋನ್ ಬಂದ ಮಧ್ಯಾಹ್ನ ಅಂಗಡಿಗೆ ಬಂದಳು. ಗಿರಾಕಿಗಳ ಬೆಂಚಿನ ಮೇಲೆ ಕೂತಳು. ನಾನು ಅಳ್ತಾಳೆ ಅಂತ ಒಂದು ಕರ್ಚೀಫು ತೆಗೆದಿಟ್ಟಿದ್ದೆ. ಅಳಲಿಲ್ಲ. ನನ್ನನ್ನು ಬೈತಾಳೆ ಅಂದುಕೊಂಡೆ, ಜುಲೈಯಲ್ಲಿ ಒಳ್ಳೇದೇ ಬಿಡು ಅಂದಿದ್ದು ನಾನು ತಾನೇ. ಬೈಯಲೂ ಇಲ್ಲ. ಒಂದೇ ಮಾತು ಕೇಳಿದಳು. "ಅಕ್ಕಾ, ಅವಳು ಕುಣೀದೆ ಇದ್ರೆ ಬದುಕ್ತಾಳೆ. ಆದ್ರೆ ಹೇಗೆ ಬದುಕ್ತಾಳೆ?"

ಈ ಪ್ರಶ್ನೆ ನಿನ್ನದು ಕಣೆ, ಹಾಗಾಗಿ ನಿನಗೇ ಬರೆಯುತ್ತಿದ್ದೇನೆ.

ಮುಂದಿನ ವಾರ ಅವಳೇ ನಿನ್ನ ಹತ್ತಿರ ಬರುತ್ತಾಳೆ. ಹಾಸ್ಟೆಲಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ, ನನಗೆ ಹೇಳದೆ, ಕೇಳದೆ. ಹುಷಾರು. ತಿನ್ನು ಅಂತ ತಟ್ಟೆಯ ಮುಂದೆ ಕೂರುತ್ತಾಳೆ. ಅವಳ ಹಟದ ಮುಂದೆ ನನ್ನದು ಏನೂ ಅಲ್ಲ. ಅವಳು ಮಾತು ಕಮ್ಮಿ ಆಡುತ್ತಾಳೆ ಅಂತ ಜನಕ್ಕೆ ಅದು ಗೊತ್ತಾಗಿಲ್ಲ ಅಷ್ಟೇ.

ದೊಡ್ಡಮ್ಮ


ಡಿಸೆಂಬರ್ 22

ದೊಡ್ಡಮ್ಮಾ,

ಪ್ರದರ್ಶನ ಆಯಿತು. ನಾನು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ.

ನಿನಗೆ ಹೇಳಲೋ ಬೇಡವೋ ಅಂತಿದ್ದೆ. ಬುಗುರಿಗೆ ಹೊಸ ಬಾಡಿಸ್ ಹೊಲಿಸಲು ಸಮಯ ಇರಲಿಲ್ಲ. ನನ್ನದನ್ನೇ ಕೊಟ್ಟೆ. ನೀನು ಹೊರಗೆ ಬಿಟ್ಟಿದ್ದೆಯಲ್ಲ, ಅವಳಿಗೆ ಅಳೆದು ಹೊಲಿದ ಹಾಗೆ ಕೂತಿತು. ತೋಳು ಮಾತ್ರ ಉದ್ದ, ಮಡಚಿ ಟಾಕು ಹಾಕಿದರು.

ಅವಳು ಚೆನ್ನಾಗಿ ಕುಣಿದಳು. ಹೊಟ್ಟೆಕಿಚ್ಚಿನಿಂದ ನೋಡಲು ಕೂತಿದ್ದೆ. ಮೊದಲ ಭಾಗದಲ್ಲಿ ಹಾಗೇ ನೋಡಿದೆ. ಆಮೇಲೆ ಎಲ್ಲಿ ಮರೆತೆನೋ ಗೊತ್ತಿಲ್ಲ. ಪಕ್ಕದಿಂದ ನೋಡಿದರೆ ಸಭಿಕರಿಗೆ ಕಾಣದ್ದೆಲ್ಲ ಕಾಣುತ್ತೆ. ಅವಳ ಪಾದ ಶೂವಿನೊಳಗೆ ನಡುಗುವುದು, ಕತ್ತಿನ ನರ, ನೆಲಕ್ಕೆ ಬಂದಾಗ ಮಂಡಿ ಆ ಭಾರವನ್ನು ಇಸಿದುಕೊಂಡು ಮೇಲಕ್ಕೆ ಕಳಿಸುವುದು. ಅವಳೊಳಗೂ ಕೆಲಸ ನಡೀತಿದೆ ಅಂತ ಅನ್ನಿಸಿತು. ರಂಗದ ಮೇಲೆ ಹನ್ನೆರಡು ಹುಡುಗಿಯರು, ಎಲ್ಲರ ಒಳಗೂ ಅದೇ ಕೆಲಸ. ಇಷ್ಟು ವರ್ಷ ನಾನು ನೋಡಿದ್ದು ಬರೀ ಗೆರೆ.

ಕಂಪನಿಯವರು ಬುಗುರಿಯನ್ನು ಆರಿಸಿಕೊಂಡರು. ನಾನು ತಬ್ಬಿಕೊಂಡೆ. ಅರ್ಧ ನಿಜವಾಗಿಯೇ ತಬ್ಬಿಕೊಂಡೆ, ಉಳಿದರ್ಧ ಬರಲು ಸ್ವಲ್ಪ ದಿನ ಬೇಕು.

ಮೇಡಂ ನನ್ನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರಂತೆ. ಹಾರುವ ಹಾಗಿಲ್ಲ, ಕಂಬಿಯ ಹತ್ತಿರ ಮಾತ್ರ. ಡಾಕ್ಟರು ಒಪ್ಪುವ ತನಕ. ನನಗಾಗಿ ಇಟ್ಟುಕೊಂಡರೋ, ಅಮ್ಮ ಅವರ ಕೋಣೆಯಲ್ಲಿ ಎರಡು ಗಂಟೆ ಸುಮ್ಮನೆ ಕೂತಿದ್ದಕ್ಕೆ ಇಟ್ಟುಕೊಂಡರೋ ಗೊತ್ತಿಲ್ಲ.

ಕಡ್ಡಿ


ಮಾರ್ಚ್ 3

ಕಡ್ಡೀ,

ನಿನ್ನಮ್ಮ ಫೋನ್ ಮಾಡಿದರೆ ನಿನ್ನ ಸುದ್ದಿ ಹೇಳಲ್ಲ, ನೀನು ಏನು ತಿಂದೆ ಅಂತ ಹೇಳುತ್ತಾಳೆ. ನಿನ್ನೆ ಎರಡು ಮೊಟ್ಟೆ, ಮೂರು ಬಾಳೆಹಣ್ಣು, ಹಾಲು, ಬ್ರೆಡ್ಡು. ಆ ದನಿಯಲ್ಲಿ ಎಂಥ ಜಂಬ ಅಂತೀಯ, ತಾನೇ ಕೋಳಿಯಾಗಿ ಮೊಟ್ಟೆ ಇಟ್ಟವಳ ಹಾಗೆ.

ನಾನು ಏನೂ ಕೇಳಲ್ಲ. ಮೂಳೆ ನಿಧಾನ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಬಟ್ಟೆ ಆದರೆ ಬೇಗ ಮುಗಿಸು ಅಂತ ಕೂಗಬಹುದು. ಇದಕ್ಕೆ ಕೂಗಿ ಪ್ರಯೋಜನವಿಲ್ಲ. ಜೀವನದಲ್ಲಿ ಮೊದಲ ಸಲ ಸುಮ್ಮನೆ ಕಾಯುತ್ತಿದ್ದೇನೆ, ಚೆನ್ನಾಗಿಲ್ಲ.

ದೊಡ್ಡಮ್ಮ


ಜುಲೈ 5

ದೊಡ್ಡಮ್ಮಾ,

ತುಂಬಾ ದಿನ ಬರೆಯಲಿಲ್ಲ. ಅರ್ಧ ಸುದ್ದಿ ಬರೆಯಬಾರದು ಅಂತ ಸುಮ್ಮನಿದ್ದೆ.

ಏಪ್ರಿಲಿನಲ್ಲಿ ಶುರುವಾಯಿತು. ಔಷಧಿ ಕೊಡುವುದಕ್ಕೆ ಮೊದಲೇ, ತಾನಾಗೇ. ಅಮ್ಮನಿಗೆ ಹೇಳಿದರೆ ಸೀದಾ ಹೋಗಿ ಇನ್ನೊಂದು ಲೋಟ ಹಾಲು ತಂದಳು. ನಿಮ್ಮಿಬ್ಬರಲ್ಲಿ ಮಾತು ನಿನ್ನದು, ಹಾಲು ಅವಳದು.

ನಿನ್ನೆ ಆಸ್ಪತ್ರೆಯಲ್ಲಿ ಮತ್ತೆ ಚಿತ್ರ ತೆಗೆದರು. ಕಾಲಿನ ಸೀಳು ಇದ್ದ ಕಡೆ ಈಗ ಸೀಳಿಲ್ಲ. ಅಲ್ಲಿ ಮೂಳೆ ಸ್ವಲ್ಪ ದಪ್ಪ ಇದೆ. ಕೈಯ ಬಾಗಿಲುಗಳು ಮುಚ್ಚಲು ಶುರು ಮಾಡಿವೆ, ಕಪ್ಪು ಗೆರೆಗಳು ಕೆಲವು ಕಡೆ ಮಾಸಿವೆ. ಬೆನ್ನಿನಲ್ಲಿ ಸ್ವಲ್ಪ ಏರಿದೆ. ನನ್ನ ವಯಸ್ಸಿನವರಷ್ಟು ಇಲ್ಲ. ಪೂರ್ತಿ ಆಗುತ್ತಾ ಅಂದರೆ ಡಾಕ್ಟರು ಈಗಲೂ ಮಾತು ಕೊಡಲಿಲ್ಲ. ಆದರೆ ಹಾರಬಹುದು ಅಂದರು. ಚಿಕ್ಕ ಚಿಕ್ಕ ನೆಗೆತ, ದಿನಕ್ಕೆ ಸ್ವಲ್ಪ. ಹಾರುವುದು ಬರೀ ಅಪಾಯ ಅಂತ ನಾನು ಹೆದರಿದ್ದೆ. ಅಲ್ಲವಂತೆ. ಇಳಿಯುವಾಗ ನೆಲದಿಂದ ಬರುವ ಆ ಹೊಡೆತವೇ ಮೂಳೆಗೆ ಹೋಗುವ ಸುದ್ದಿ. ಇಲ್ಲಿ ಕಟ್ಟಿ, ಇವಳಿಗೆ ಬೇಕಾಗಿದೆ ಅಂತ. ಊಟ ಇದ್ದು, ಹಾರ್ಮೋನ್ ಇದ್ದರೆ, ಅವರು ಅದನ್ನು ಕೇಳಿಸಿಕೊಳ್ಳುತ್ತಾರೆ.

ಇವತ್ತು ಬೆಳಗ್ಗೆ ಕ್ಲಾಸು. ಹೊಸ ಹುಡುಗಿಯರ ಜೊತೆ ಕೊನೆಯ ಸಾಲಿನಲ್ಲಿ ನಿಂತೆ. ನಮ್ಮಲ್ಲಿ ಹಾರಿದರೆ ಇಳಿಯುವಾಗ ಸದ್ದು ಬರಬಾರದು. ಬೆಕ್ಕಿನ ಹಾಗೆ ಇಳಿಯಬೇಕು. ಮೊದಲ ದಿನದಿಂದ ಕಲಿಸುವುದೇ ಅದು. ನಾನು ಅದರಲ್ಲಿ ಎಲ್ಲರಿಗಿಂತ ಮುಂದಿದ್ದೆ, ನಾನು ಇಳಿದದ್ದು ಪಕ್ಕದವಳಿಗೂ ಗೊತ್ತಾಗುತ್ತಿರಲಿಲ್ಲ.

ಮೇಡಂ ಕಣ್ಣಲ್ಲೇ ಹೂಂ ಅಂದರು. ಪಿಯಾನೋ ತಾತ ಶುರು ಮಾಡಿದರು. ಮಂಡಿ ಬಗ್ಗಿಸಿದೆ, ಹಾರಿದೆ. ದೊಡ್ಡ ನೆಗೆತವಲ್ಲ, ಒಂದು ಗೇಣು ಇರಬಹುದು. ಮೇಲಿದ್ದದ್ದು ನೆನಪೇ ಇಲ್ಲ ದೊಡ್ಡಮ್ಮಾ, ಇಳಿದದ್ದು ಮಾತ್ರ ನೆನಪಿದೆ. ಧಡ್ ಅಂತ ಇಳಿದೆ. ಹಲಗೆ ನೆಲ ಪೂರ್ತಿ ಗುಡುಗಿತು. ಅಷ್ಟೂ ಜನ ತಿರುಗಿ ನೋಡಿದರು. ಹಿಮ್ಮಡಿಯಿಂದ ಹೊರಟದ್ದು ಕಾಲಿನ ಉದ್ದಕ್ಕೂ, ಸೊಂಟಕ್ಕೆ, ಬೆನ್ನಿನ ಒಂದೊಂದೇ ಗೆಣ್ಣಿಗೆ, ತಲೆಯ ತನಕ ಹೋಯಿತು. ಎಲ್ಲೂ ನೋವಿಲ್ಲ. ಅಷ್ಟು ಒಳಗಿನವರೆಗೆ ನಾನು ಇದ್ದೀನಿ ಅಂತ ನನಗೆ ಗೊತ್ತೇ ಇರಲಿಲ್ಲ.

ಮೇಡಂ ಕೋಲು ಕುಟ್ಟಿ ಎಲ್ಲರನ್ನೂ ನಿಲ್ಲಿಸಿದರು. ನನ್ನ ಹತ್ತಿರ ಬಂದರು. "ಸದ್ದು ಬಂತು," ಅಂದರು.

ಹೌದು ಮೇಡಂ ಅಂದೆ.

ಬೈಯಲಿಲ್ಲ, ನನ್ನ ಕಾಲನ್ನು ನೋಡಿದರು. ಆಮೇಲೆ ತಾತನ ಕಡೆ ತಿರುಗಿ, "ಇನ್ನೊಂದು ಸಲ," ಅಂದರು.